ದಿನಕ್ಕೊಂದು ತಪ್ಪು

ನಮ್ಮತ್ತೆಗೆ ಶಾಲೆಯ ಮಕ್ಕಳು ಇಟ್ಟಿರುವ ಹೆಸರು 'ತಪ್ಪು ಟೀಚರ್'. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ ನನಗೇ ನಾಚಿಕೆಯಾಗಿತ್ತು. ಅವರು ಮಾತ್ರ ನಕ್ಕು, "ಅದು ಬೈಗುಳ ಅಲ್ಲ ಕಣೇ, ಬಿರುದು" ಅಂದಿದ್ದರು.

ಅವರು ಗಣಿತ ಕಲಿಸುತ್ತಾರೆ. ನಾನು ಅದೇ ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕಿ. ಗಾಜಿನ ಕೊಳವೆ ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಒಡೆದದ್ದಕ್ಕೆ ಬೈಸಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಮಗುವನ್ನು ಪಕ್ಕದ ಮನೆಯ ದೊಡ್ಡಮ್ಮನ ಕೈಗಿತ್ತು ಅತ್ತೆ ಸೊಸೆ ಒಟ್ಟಿಗೇ ಹೊರಡುತ್ತೇವೆ. ನನ್ನ ಕೋಣೆಗೂ ಹತ್ತನೇ ತರಗತಿಗೂ ನಡುವೆ ಇರುವುದು ಬರೀ ಹಲಗೆಯ ಗೋಡೆ, ಅದರಲ್ಲೊಂದು ಗಾಜಿನ ಬಾಗಿಲು. ಹಾಗಾಗಿ ಅತ್ತೆಯ ಪಾಠ ದಿನವೂ ನನ್ನ ಕಿವಿಗೆ ಬೀಳುತ್ತದೆ.

ಆ ಪಾಠದಲ್ಲಿ ಒಂದು ತಪ್ಪು ಇದ್ದೇ ಇರುತ್ತದೆ, ಬೇಕೆಂದೇ ಮಾಡಿದ್ದು. ಗಂಟೆ ಹೊಡೆಯುವುದರೊಳಗೆ ಮಕ್ಕಳು ಅದನ್ನು ಹಿಡಿಯಬೇಕು. ಬರೀ "ತಪ್ಪು" ಎಂದರೆ ಸಾಲದು. ಆ ತಪ್ಪು ಮಾಡಿದವರು ಏನೆಂದುಕೊಂಡು ಹಾಗೆ ಮಾಡಿರಬಹುದು ಎಂಬುದನ್ನೂ ಹೇಳಬೇಕು. ಅತ್ತೆ ಕೆಲಸಕ್ಕೆ ಸೇರಿದ ವರ್ಷ ಬೋರ್ಡಿನ ಮೇಲೆ ನಿಜವಾಗಿಯೇ ಎಡವಿದ್ದರಂತೆ. ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು ತಿದ್ದಿದಳಂತೆ. "ಅವಳ ಮುಖ ನೋಡ್ಬೇಕಿತ್ತು ನೀನು! ಆವತ್ತೇ ಅಂದ್ಕೊಂಡೆ, ಇದನ್ನ ದಿನಾ ಮಾಡ್ಬೇಕು ಅಂತ" ಎನ್ನುತ್ತಾರೆ.

ಮನೆಯಲ್ಲಿ ಸೊಪ್ಪು ಬಿಡಿಸುತ್ತಲೇ ಮಾರನೆಯ ದಿನದ ತಪ್ಪನ್ನು ಹುಡುಕುತ್ತಾ ಕೂರುವುದು ಅವರ ಅಭ್ಯಾಸ. "ಒಳ್ಳೆ ತಪ್ಪು ಸಿಗೋದು ಸುಲಭ ಅಲ್ಲಮ್ಮಾ. ತೀರಾ ಪೆದ್ದಾಗಿದ್ರೆ ಮಕ್ಕಳು ನಗ್ತಾರೆ. ತೀರಾ ಜಾಣತನದ್ದಾದ್ರೆ ನಾನೇ ಸಿಕ್ಕಿಹಾಕ್ಕೋತೀನಿ."

ಈ ಸಲ ಸಿಕ್ಕಿಹಾಕಿಕೊಂಡೇಬಿಟ್ಟರು. ಹಲ್ಲುನೋವೆಂದು ಒಬ್ಬ ಹುಡುಗಿ ಪಾಠದ ನಡುವೆ ಮನೆಗೆ ಹೋದಳು. ತಪ್ಪು ಅವಳ ಜೊತೆಗೇ ಹೋಯಿತು. ಪರೀಕ್ಷೆಯಲ್ಲಿ ಅದನ್ನೇ ಮುದ್ದಾಗಿ ಬರೆದಿಟ್ಟಳು. ಅವಳಪ್ಪ ಶಾಲೆಗೆ ಬಂದು, "ನಿಮ್ಮಲ್ಲಿ ತಪ್ಪು ಹೇಳಿಕೊಡೋಕೂ ಟೀಚರ್ ಇದ್ದಾರಾ?" ಎಂದು ಕೂಗಾಡಿ ಹೋದರು. ಅವರ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎಂದು ಹೇಳಲಾರೆ. ನಾನೂ ಮಗು ಹೆತ್ತವಳೇ.

ಹೊಸದಾಗಿ ಬಂದಿದ್ದ ಹೆಡ್ ಮೇಡಂ ಅತ್ತೆಯನ್ನು ಕರೆಸಿದರು. ನಾಳೆ ತರಗತಿಯಲ್ಲಿ ಕೂತು ನೋಡುತ್ತೇನೆ, ಸರಿಯಿಲ್ಲವೆಂದರೆ ಹತ್ತನೇ ತರಗತಿಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು. ನಾಳೆ ಒಂದು ತಪ್ಪೂ ಇರುವುದಿಲ್ಲವೆಂದು ಅತ್ತೆ ಮಾತು ಕೊಟ್ಟು ಬಂದರು.

ಸಂಜೆ ಮನೆಯಲ್ಲಿ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿದರು. ಅದು ಬಾಯಲ್ಲಿ ಗುಳ್ಳೆ ಮಾಡುತ್ತಾ ಕೇಳಿತು. "ನೋಡು ಕಂದಾ, ನಾಳೆ ಅಜ್ಜಿ ತಪ್ಪೇ ಮಾಡಲ್ಲ."

ನನ್ನ ಗಂಡ ರೇಗಿಸಿದರು: "ಅಮ್ಮಾ, ತಪ್ಪು ಮಾಡದೇ ಇರೋಕೂ ನೀನು ಪ್ರಾಕ್ಟೀಸ್ ಮಾಡ್ಬೇಕಾ?"

ಅತ್ತೆ ನಗಲಿಲ್ಲ. "ಹತ್ತನೇ ಕ್ಲಾಸ್ ಕಿತ್ಕೊಂಡ್ರೆ ನಾನು ಕೆಲಸ ಬಿಡ್ತೀನಿ ಕಣೋ. ಬರೀ ಹಾಜರಿ ಕೂಗೋಕೆ ನನ್ನಿಂದ ಆಗಲ್ಲ." ಹೊರಗೆ ಗಟ್ಟಿಯಾಗಿ ಕಾಣುವ ಹೆಂಗಸು. ಅವರ ತಟ್ಟೆ ತೊಳೆಯುವಾಗ ನೋಡಿದೆ, ಅನ್ನ ಹಾಗೇ ಉಳಿದಿತ್ತು.

ಮರುದಿನ ನಾನು ತೊಳೆದ ಕೊಳವೆಗಳನ್ನೇ ಮತ್ತೆ ತೊಳೆಯುತ್ತಾ ಗಾಜಿನ ಬಾಗಿಲ ಬಳಿ ನಿಂತೆ. ಹೆಡ್ ಮೇಡಂ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅತ್ತೆ ಲೆಕ್ಕ ಕೊಟ್ಟರು: ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಐದರಿಂದ ಗುಣಿಸಿದರೂ ಉತ್ತರ ಒಂದೇ ಬರುತ್ತದೆ, ಆ ಸಂಖ್ಯೆ ಯಾವುದು? ಹಂತ ಹಂತವಾಗಿ ಬಿಡಿಸಿ, ಕೆಳಗೆ ಎರಡು ಉತ್ತರ ಬರೆದರು. ಐದು, ಸೊನ್ನೆ. ಎರಡೂ ಸರಿ.

ಆದರೆ ಮಕ್ಕಳಿಗೆ ಯಾರೂ ಹೇಳಿರಲಿಲ್ಲವಲ್ಲ, ಇವತ್ತು ತಪ್ಪಿಗೆ ರಜೆ ಎಂದು! ಅವರು ಬೋರ್ಡನ್ನು ಅಕ್ಕಿ ಆರಿಸಿದ ಹಾಗೆ ಆರಿಸುತ್ತಿದ್ದರು. ಕೊನೆಗೆ ಲಾಯರಮ್ಮ ಎಂದು ಎಲ್ಲರೂ ಕರೆಯುವ ಹುಡುಗಿ ಎದ್ದಳು.

"ಸಿಕ್ತು ಟೀಚರ್! ಸೊನ್ನೆ ತಪ್ಪು. ಸೊನ್ನೆ ಅಂದ್ರೆ ಏನೂ ಇಲ್ಲ ತಾನೇ? ಏನೂ ಇಲ್ಲದ್ದು ಉತ್ತರ ಹೇಗಾಗುತ್ತೆ? ಉತ್ತರ ಅಂದ್ರೆ ಏನಾದ್ರೂ ಇರ್ಬೇಕು."

ಅರ್ಧ ತರಗತಿ ಹೌದು ಹೌದು ಎಂದಿತು. ಹೆಡ್ ಮೇಡಂ ಹುಬ್ಬು ಗಂಟಾಯಿತು. 'ಸರಿಯಾಗಿದೆ, ಕೂತ್ಕೋ' ಎಂದುಬಿಡಿ ಅತ್ತೆ, ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಅತ್ತೆ ಒಂದು ಗಳಿಗೆ ಆ ಹುಡುಗಿಯನ್ನೇ ನೋಡಿದರು. ಆಮೇಲೆ ಡಸ್ಟರ್ ತೆಗೆದುಕೊಂಡು ಸೊನ್ನೆಯನ್ನು ಅಳಿಸಿಬಿಟ್ಟರು.

"ಸರಿ, ತೆಗೆದೆ. ಎಲ್ಲರೂ ಒಪ್ಪಿದ್ರಾ?"

"ಇಲ್ಲ ಟೀಚರ್!" ಕೊನೆಯ ಬೆಂಚಿನ ಉದ್ದನೆಯ ಹುಡುಗ ಎದ್ದ. "ಸೊನ್ನೆನ ಸೊನ್ನೆಯಿಂದ ಗುಣಿಸಿದ್ರೂ ಸೊನ್ನೆ, ಐದರಿಂದ ಗುಣಿಸಿದ್ರೂ ಸೊನ್ನೆ. ಕೇಳಿದ್ದು ಅದೇ ತಾನೇ?"

"ಹಾಗಂತ ಖಾಲಿ ಡಬ್ಬಿ ಕೊಟ್ಟು ಊಟ ಮಾಡು ಅಂತೀಯಾ?" ಎಂದಳು ಲಾಯರಮ್ಮ.

"ಡಬ್ಬಿ ಖಾಲಿ ಅನ್ನೋದೂ ಒಂದು ಉತ್ತರನೇ ಕಣೇ!"

ಗದ್ದಲ ಎದ್ದಿತು. ಎರಡು ಪಕ್ಷವಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬೋರ್ಡಿನ ಮೇಲೆ ಐದೊಂದೇ ಉಳಿದಿತ್ತು.

ಅತ್ತೆ ಗಾಜಿನ ಬಾಗಿಲು ತಳ್ಳಿಕೊಂಡು ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕುಸಿದರು. ಅವರ ಕೈಗೆಲ್ಲ ಸೀಮೆಸುಣ್ಣ ಮೆತ್ತಿತ್ತು. ಆ ಕೈ ಹಿಡಿದುಕೊಂಡೆ.

"ಯಾಕತ್ತೆ ಅಳಿಸಿದ್ರಿ?"

"ಅಷ್ಟು ನಂಬಿಕೊಂಡು ಹೇಳಿದ್ಲಲ್ಲೇ. ಕೂತ್ಕೋ ಅಂದಿದ್ರೆ ಕೂತ್ಕೋತಿದ್ಲು. ಆಮೇಲೆ ಕೂತೇ ಇರ್ತಿದ್ಲು." ಕೈ ಬಿಡಿಸಿಕೊಂಡು ಸೆರಗಿಗೆ ಒರೆಸುತ್ತಾ, "ಮುಗೀತು ಬಿಡು. ಮನೇಲಿ ಮಗು ನೋಡ್ಕೊಂಡಿರ್ತೀನಿ" ಎಂದರು. ಮಗು ನೋಡಿಕೊಳ್ಳುವವರು ಸಿಕ್ಕಿದರೆ ನನಗೆ ಎಷ್ಟು ಅನುಕೂಲ! ಆದರೂ ಆ ಮಾತು ನನಗೆ ಬೇಡವೆನಿಸಿತು.

ಹೆಡ್ ಮೇಡಂ ಒಳಗೆ ಬಂದರು. ನಾವಿಬ್ಬರೂ ಎದ್ದು ನಿಂತೆವು.

"ತಪ್ಪು ಉತ್ತರ ಬೋರ್ಡ್ ಮೇಲೇ ಬಿಟ್ಟು ಬಂದಿದ್ದೀರ."

"ಹೌದು ಮೇಡಂ."

"ಮಾತು ಕೊಟ್ಟಿದ್ರಿ."

"ಹೌದು. ನನ್ನಿಂದ ಆಗ್ಲಿಲ್ಲ."

"ಅಲ್ಲಿ ನಿಮ್ಮ ಮಕ್ಕಳು ಬೋರ್ಡ್ ಬಿಟ್ಟು ಕದಲ್ತಿಲ್ಲ. ಮುಂದಿನ ಪೀರಿಯಡ್‌ಗೆ ಬಂದ ವಿಜ್ಞಾನದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ, ಒಳಗೇ ಬಿಡ್ತಿಲ್ಲ. ಇನ್ನೂ ಸೊನ್ನೆ ಜಗಳ." ಅವರ ಮುಖ ಬಿಗಿಯಾಗಿಯೇ ಇತ್ತು. "ಮೇಷ್ಟ್ರ ಹತ್ರ ಸ್ವಲ್ಪ ಸಮಯ ಕೇಳಿದ್ದೀನಿ. ಹೋಗಿ ಮುಗಿಸಿ. ಇನ್ಮುಂದೆ ಗಂಟೆಗೆ ಮುಂಚೆ ಸರಿ ಉತ್ತರ ಬೋರ್ಡ್ ಮೇಲಿರ್ಬೇಕು. ಯಾರಾದ್ರೂ ಮಧ್ಯದಲ್ಲಿ ಎದ್ದು ಹೋದ್ರೆ ತಪ್ಪು ಎಲ್ಲಿದೆ ಅಂತ ಕಿವಿಯಲ್ಲಿ ಹೇಳಿ ಕಳಿಸಿ. ಒಪ್ಪಿಗೆನಾ?"

ಅತ್ತೆಗೆ ತಕ್ಷಣ ಅರ್ಥವಾಗಲಿಲ್ಲ. "ಹತ್ತನೇ ಕ್ಲಾಸು..."

"ನಿಮ್ಮದೇ. ಇನ್ಯಾರು ಹೋದ್ರೂ ಆ ಲಾಯರಮ್ಮ ಬಿಡ್ತಾಳಾ?" ಹೆಡ್ ಮೇಡಂ ಬಾಗಿಲವರೆಗೆ ಹೋದವರು ತಿರುಗಿ, ಸ್ವರ ತಗ್ಗಿಸಿ ಕೇಳಿದರು: "ಸೊನ್ನೆ ಸರಿನೇ ಅಲ್ವಾ? ನಾನು ಅಕೌಂಟ್ಸ್ ಕಲಿಸಿದವಳು. ಎರಡೂ ಕಡೆ ತಾಳೆ ಆಗ್ತಿದೆಯಲ್ಲಾ?"

"ನನ್ನನ್ನ ಕೇಳ್ಬೇಡಿ ಮೇಡಂ, ಒಳಗೆ ಬಂದು ಅವರನ್ನೇ ಕೇಳಿ" ಎಂದರು ಅತ್ತೆ.

ಅವರು ಹೊರಟ ರಭಸಕ್ಕೆ ಸ್ಟೂಲು ಉರುಳಿತು. ಅದನ್ನೆತ್ತಲು ಬಗ್ಗಿದಾಗ ಹಲಗೆಯ ಆಚೆ ಬೆಂಚು ಸರಿದ ಸದ್ದು ಕೇಳಿಸಿತು. ಹಿಂದೆಯೇ ಹೆಡ್ ಮೇಡಂ ದನಿ:

"ಸ್ವಲ್ಪ ಜರುಗಮ್ಮಾ, ನಾನೂ ಇಲ್ಲೇ ಕೂತ್ಕೋತೀನಿ."