ಟಿಬ್ ಕಲಿತ ಪದಗಳ ಬಳಗ

ನ್ಯಾನ್ ಬರ್ಕೆಟ್ ಬಾಯಿಂದ ತಪ್ಪು ಪದ ಬಂದರೂ ಅದು ಪರವೂರಿನದಲ್ಲ, ಬೇಕಾದ ಪದದ ಪಕ್ಕದ ಮನೆಯದೇ. ಇದನ್ನು ಮೊದಲು ಕಂಡುಕೊಂಡವಳು ನಾನು, ಅವಳ ನೆರೆಯವಳು ಪೆಗ್. ನಮ್ಮಿಬ್ಬರ ಹೊಲಗಳಿಗೆ ಒಂದೇ ಕಲ್ಲುಗೋಡೆ. ನನಗೆ ಈ ವಿಷಯದಲ್ಲಿ ಹೆಮ್ಮೆ ಇದೆ, ಮುಚ್ಚಿಡುವುದೇನು ಬಂತು?

ಕಳೆದ ಚಳಿಗಾಲದಲ್ಲಿ ನ್ಯಾನ್‌ಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ನಾಲಿಗೆ ಮಾತ್ರ ಹಠ ಹಿಡಿಯಿತು. ಚಹಾ ಬೇಕಾದರೆ ‘ಕಾಫಿ’ ಅನ್ನುವಳು, ಚಮಚ ಬೇಕಾದರೆ ‘ಫೋರ್ಕ್’ ಕೇಳುವಳು, ಬಾಯಿ ಸುಟ್ಟುಕೊಂಡು ‘ಕೋಲ್ಡ್, ಕೋಲ್ಡ್’ ಎಂದು ಕೂಗುವಳು. ನನ್ನನ್ನಂತೂ ಎಂದೋ ತೀರಿಹೋದ ನನ್ನ ಅಮ್ಮನ ಹೆಸರು ಹಿಡಿದು ಕರೆದಳು. ಬುದ್ಧಿ ಕೆಟ್ಟಿದೆ ಎಂದು ಊರೆಲ್ಲ ಗುಸುಗುಸು. ಕೆಟ್ಟಿದ್ದು ಊರಿನ ಬುದ್ಧಿ! ಚಮಚಕ್ಕೆ ಅವಳು ಎಂದಾದರೂ ‘ಕುದುರೆ’ ಅಂದಳೇ? ಬೇಕಾದ ಪದ ಮನೆಯಲ್ಲಿಲ್ಲದಾಗ ಅದರ ಅಣ್ಣನೋ ತಂಗಿಯೋ ಬಾಗಿಲು ತೆರೆಯುತ್ತಿದ್ದರು, ಇಲ್ಲವೇ ಎದುರುಮನೆಯ ವೈರಿ ಓಡಿಬರುತ್ತಿದ್ದ. ಅಷ್ಟೇ ವಿಷಯ.

ಅವಳ ತಮ್ಮ ಎಡ್ವಿನ್ ತಲೆಗೆ ಇದು ಹೋಗಲಿಲ್ಲ. ಅವನು ಪಟ್ಟಣದಿಂದ ಬಂದು ಅಡುಗೆಮನೆಯಲ್ಲಿ ಕೂತ.

“ನ್ಯಾನ್, ಕುರಿ ಸಹವಾಸ ಬಿಟ್ಟು ನಮ್ಮನೆಗೆ ಬಂದ್ಬಿಡ್ತೀಯಾ?”

“ಯೆಸ್!” ಎಂದು ನ್ಯಾನ್ ಮೇಜು ಗುದ್ದಿದಳು.

“ನೋಡಿದ್ಯಾ ಪೆಗ್? ಅವಳೇ ಒಪ್ಕೊಂಡ್ಲು.”

“ಅಯ್ಯೋ ಮಂಕೇ, ಒಪ್ಪೋಳು ಮೇಜು ಯಾಕೆ ಗುದ್ತಾಳೆ? ಅದು ‘ಇಲ್ಲ’ ಅಂತ ಕಣೋ!”

“ಅವಳಂದಿದ್ದನ್ನ ನಿಂಗೆ ಬೇಕಾದಂಗೆ ತಿರುಗಿಸ್ಬೇಡ. ಹಿಮ ಬಿದ್ದಾಗ, ನಾಯೀನೂ ಕರೆಯೋಕಾಗದೋಳು ಬೆಟ್ಟದ ಮೇಲೆ ಒಬ್ಬಳೇ ಹೆಂಗಿರ್ತಾಳೆ ಹೇಳು.”

ಆ ಮಾತು ನಿಜವೇ. ಕಂಬರ್‌ಲ್ಯಾಂಡಿನ ನಮ್ಮ ಬೆಟ್ಟಗಳಲ್ಲಿ ನಾಯಿ ಇಲ್ಲದ ಕುರಿಗಾಹಿ ಕೈ ಇಲ್ಲದ ಮಗ್ಗದವನಂತೆ. ಕೊನೆಗೆ ಒಂದು ಮಾತಾಯಿತು. ಶರತ್ಕಾಲದ ಕುರಿನಾಯಿ ಪಂದ್ಯದಲ್ಲಿ ನ್ಯಾನ್ ತಾನೇ ತನ್ನ ಟಿಬ್ ನಾಯಿಯನ್ನು ನಡೆಸಿ ಕುರಿಗಳನ್ನು ದೊಡ್ಡಿಗೆ ಸೇರಿಸಿದರೆ ಬೆಟ್ಟದಲ್ಲೇ ಇರಲಿ. ಇಲ್ಲದಿದ್ದರೆ ಟಿಬ್ ಬೇರೆಯವರ ಪಾಲು, ನ್ಯಾನ್ ಪಟ್ಟಣದ ಪಾಲು.

ನಾಯಿ ನಡೆಸಲು ಸಿಳ್ಳೆ ಹಾಕೋಣವೆಂದರೆ ನ್ಯಾನ್ ತುಟಿ ಸೊಟ್ಟ. ಉಳಿದದ್ದು ಮಾತು. ‘ಕಂ ಬೈ’ ಅಂದರೆ ನಾಯಿ ಎಡಕ್ಕೆ ಸುತ್ತಬೇಕು, ‘ಅವೇ’ ಅಂದರೆ ಬಲಕ್ಕೆ, ‘ಲೈ ಡೌನ್’ ಅಂದರೆ ಮಲಗಬೇಕು. ನಮ್ಮ ನಾಯಿಗಳು ಇದನ್ನು ಮರಿಯಾಗಿದ್ದಾಗಲೇ ಕಲಿಯುತ್ತವೆ. ನ್ಯಾನ್ ನಾಲಿಗೆಯೋ ಎಡಬಲ ಅದಲುಬದಲು ಮಾಡಿತು. ಕೆಲವೊಮ್ಮೆ ‘ಅವೇ’ ಬದಲು ಅದರ ಬಳಗದವರು ಬಂದರು: ‘ಔಟ್’, ‘ಫಾರ್’. ಮಲಗು ಅನ್ನಲು ಒಂದು ದಿನ ‘ಬೆಡ್’, ಇನ್ನೊಂದು ದಿನ ‘ಸ್ಲೀಪ್’. ಪಾಪ ಟಿಬ್, ಮೊದಲು ಅವಳನ್ನೇ ನೋಡುತ್ತ ಕೂತುಬಿಡುತ್ತಿತ್ತು. ನಾನು ನ್ಯಾನ್ ಹಿಂದೆ ನಿಂತು ಯಾವ ಕಡೆ ಎಂದು ಕೈ ಬೀಸಿ ತೋರಿಸಿದೆ. ವಸಂತವೆಲ್ಲ ಹಾಗೆಯೇ ಬೀಸಿದೆ, ಭುಜ ನೋಯುವವರೆಗೆ. ಹುಲ್ಲು ಕೊಯ್ಲಿನ ಹೊತ್ತಿಗೆ ನನ್ನ ಕೈ ಬೇಡವಾಯಿತು. ಟಿಬ್‌ಗೆ ಇಡೀ ಬಳಗದ ಪರಿಚಯವಾಗಿತ್ತು! ಎಡ್ವಿನ್‌ಗಿಂತ ನಾಯಿಯೇ ವಾಸಿ ಎಂದು ನಾನು ಊರಿಗೆಲ್ಲ ಸಾರಿದೆ.

ಪಂದ್ಯದ ದಿನ ಬಂತು. ಎಡ್ವಿನ್ ಜೇಬಿನಲ್ಲಿ ಹಗ್ಗ ಇಟ್ಟುಕೊಂಡೇ ಬಂದಿದ್ದ, ನಾಯಿಯನ್ನು ಕಟ್ಟಿಕೊಂಡು ಹೋಗಲು. ನ್ಯಾನ್ ನಾಯಿ ನಡೆಸುವವರು ನಿಲ್ಲುವ ಕಂಬದ ಬಳಿ ನಿಂತು “ಕಂ ಬೈ!” ಎಂದಳು. ಟಿಬ್ ಬಾಣದ ಹಾಗೆ ಬಲಕ್ಕೆ ಹಾರಿತು.

“ಆ ನಾಯಿಗೆ ಕಿವುಡಾ?” ಎಂದು ಯಾರೋ ನಕ್ಕರು.

“ನಿನ್ನ ಬಾಯಿಗೆ ಬೀಗ ಹಾಕು!” ಎಂದೆ.

ಕುರಿಗಳು ದೂರದ ದಿಬ್ಬದಿಂದ ಒಂದೇ ಗುಂಪಾಗಿ ಇಳಿದವು. ಮೊದಲ ಬೇಲಿಸಂದು ದಾಟಿದವು, ಎರಡನೆಯದೂ ದಾಟಿದವು! ನ್ಯಾನ್ ದೊಡ್ಡಿಗೆ ಬಂದು ಒಂದು ಕೈಯಲ್ಲಿ ಅದರ ಗೇಟಿನ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿದು ನಿಂತಳು. ಕುರಿಗಳು ಬಾಗಿಲ ಬಾಯಿಗೇ ಬಂದಿದ್ದವು. ಅಷ್ಟರಲ್ಲಿ ಒಂದು ಮುದಿ ಕುರಿ ಬಲಕ್ಕೆ ಕತ್ತು ತಿರುಗಿಸಿತು.

“ಅವೇ!” ಎಂದು ನ್ಯಾನ್ ಕೂಗಿದಳು.

ಅಯ್ಯೋ! ಅವಳಿಗೆ ಬೇಕಾಗಿದ್ದು ಅದೇ ಪದ! ಲಕ್ವ ಹೊಡೆದ ಮೇಲೆ ಮೊದಲ ಬಾರಿ ಸರಿಯಾದ ಪದ ಸರಿಯಾದ ಹೊತ್ತಿಗೆ ಬಂದಿತ್ತು. ಟಿಬ್ ಏನು ಮಾಡಬೇಕು? ಕಲಿಸಿದ್ದನ್ನೇ ಮಾಡಿತು, ಎಡಕ್ಕೆ ಓಡಿತು. ಬಲಗಡೆ ಬಯಲಾಯಿತು, ಕುರಿಗಳು ಅತ್ತ ನುಗ್ಗಿದವು. ತಪ್ಪು ಮಾತು ಕಲಿಸಿ ಅವಳ ಸರಿ ಮಾತಿಗೆ ನಾನೇ ಗುಂಡಿ ತೋಡಿದೆನಲ್ಲ! ಹೊರಗಿನವರು ಕೂಗುವ ಹಾಗಿಲ್ಲ. ಶಾಲು ಕಚ್ಚಿಕೊಂಡು ನಿಂತೆ.

“ಅವೇ!” ಎಂದಳು ಮತ್ತೆ. ಈಗ ತಪ್ಪು ಹೇಳೋಣವೆಂದರೂ ನಾಲಿಗೆ ಸರಿಯನ್ನೇ ಹೇಳುತ್ತಿತ್ತು, ಹಾಳಾದ್ದು! ಟಿಬ್ ಇನ್ನಷ್ಟು ಎಡಕ್ಕೆ ಹೋಯಿತು. ನ್ಯಾನ್ ಕೆಂಪಾದಳು. ಒಮ್ಮೆ ಉಸಿರೆಳೆದುಕೊಂಡು “ಬೆಡ್!” ಎಂದಳು. ಟಿಬ್ ಧೊಪ್ಪನೆ ಮಲಗಿತು. ಕುರಿಗಳೂ ತಬ್ಬಿಬ್ಬಾಗಿ ನಿಂತವು.

ಆಮೇಲೆ ಅವಳು ಆ ಒಂದು ಪದವನ್ನು ಬಿಟ್ಟು ಅದರ ನೆಂಟರನ್ನೆಲ್ಲ ಕೂಗಿ ಕರೆದಳು. “ಔಟ್! ಫಾರ್! ಔಟ್, ಟಿಬ್, ಫಾರ್!”

ಟಿಬ್ ಎದ್ದಿತು. ಬಲಕ್ಕೆ, ಹೌದು, ಬಲಕ್ಕೇ, ಹುಲ್ಲಿಗೆ ಹೊಟ್ಟೆ ತಾಗುವಂತೆ ಸುತ್ತು ಹಾಕಿ ಬಯಲಿಗೆ ಅಡ್ಡ ನಿಂತಿತು. ಮುದಿ ಕುರಿ ಕಾಲು ಕುಟ್ಟಿತು, ಟಿಬ್ ಕದಲಲಿಲ್ಲ. ಕುರಿ ತಿರುಗಿ ದೊಡ್ಡಿಯೊಳಗೆ ಹೋಯಿತು, ಉಳಿದವೂ ಅದರ ಬಾಲ ಹಿಡಿದು ಒಳಗಾದವು. ಗೇಟು ಬಿತ್ತು! ನಾನು ಯಾರನ್ನೋ ತಬ್ಬಿಕೊಂಡು ಕುಣಿದೆ. ಆಮೇಲೆ ನೋಡಿದರೆ ‘ಕಿವುಡಾ’ ಎಂದು ನಕ್ಕಿದ್ದ ಮಹಾಶಯನೇ.

ಎಡ್ವಿನ್ ಬೇಲಿ ಹತ್ತಿಳಿದು ಅಕ್ಕನ ಎದುರು ನಿಂತ. ಅವನಿಗೂ ಏದುಸಿರು.

“ಕೊನೇ ಸಲ ಕೇಳ್ತೀನಿ ನ್ಯಾನ್. ನಂಜೊತೆ ಪಟ್ಟಣಕ್ಕೆ ಬರ್ತೀಯಾ?”

“ಯೆಸ್!” ಎಂದು ನ್ಯಾನ್ ಕೋಲನ್ನು ನೆಲಕ್ಕೆ ಕುಟ್ಟಿದಳು.

ನಾನು ಬಾಯಿ ತೆರೆದೆ. ಎಡ್ವಿನ್ ಕೈ ಎತ್ತಿ ತಡೆದ. ಅವನ ಕಣ್ಣು ಆ ಕೋಲಿನ ಮೇಲಿತ್ತು.

“ಗೊತ್ತಾಯ್ತು ಬಿಡು ಪೆಗ್,” ಎಂದ. “ಬರಲ್ಲ ಅಂತಿದ್ದಾಳೆ.”

ಜೇಬಿನ ಹಗ್ಗ ತೆಗೆದು ನ್ಯಾನ್ ಕೈಯಲ್ಲಿಟ್ಟ. ನ್ಯಾನ್ ಅವನ ಕೆನ್ನೆ ಸವರಿ, “ಸಿಸ್ಟರ್,” ಎಂದಳು.

“ಹೂಂ ಕಣೇ,” ಎಂದ ಎಡ್ವಿನ್, “ನಾನೇ.”