ಇನ್ನೊಂದು ಕೀ ಇಟ್ಟುಕೊಳ್ಳದ ಬೀಗದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯಿಲ್ಲದ ವೃದ್ಧರ ತಂಗುದಾಣದಲ್ಲಿ ಒಬ್ಬಾಕೆ ಮಂಡಿಯೂರಿ, ಮಂಚದಿಂದ ಮಂಚಕ್ಕೆ ಸರಿಯುತ್ತ, ಕೆಳಗಿರುವ ತಗಡಿನ ಪೆಟ್ಟಿಗೆಗಳ ಬೀಗಕ್ಕೆ ಒಂದೊಂದು ತೊಟ್ಟು ಎಣ್ಣೆ ಬಿಡುತ್ತಿದ್ದಾರೆ. ವಯಸ್ಸಾದವರ ನಡುಗುವ ಬೆರಳಿಗೆ ಬೀಗ ಹಟ ಮಾಡಬಾರದಂತೆ. ಗೊರಕೆ ಹೊಡೆಯುವ ತಾತನೊಬ್ಬನನ್ನು ಕಣ್ಣಲ್ಲೇ ಗದರಿ ಮುಂದೆ ಹೋಗುತ್ತಾರೆ. ಕಚೇರಿಯ ಲೆಕ್ಕದಲ್ಲಿ ಇವರು ಕಸ ಗುಡಿಸುವವರು. ಇಲ್ಲಿನ ನಲವತ್ತು ಮಂದಿಗೆ ಮಾತ್ರ ಬೀಗದಕ್ಕ.

ಬೀದಿಯಿಂದ ಬಂದವರಿಗೆ ಊಟ, ಹಾಸಿಗೆ, ಔಷಧಿ ಕೊಟ್ಟರೆ ಮುಗಿಯಿತು ಎಂದುಕೊಳ್ಳುವವರು ನಾವು. ಬೀಗದಕ್ಕ ಬಂದವರಿಗೆ ಮೊದಲು ಪೆಟ್ಟಿಗೆ ತೋರಿಸಿ, ಎರಡೂ ಬೀಗದ ಕೈಗಳನ್ನು ಅವರ ಅಂಗೈಗಿಡುತ್ತಾರೆ. ಒಂದಾದರೂ ಕಚೇರಿಯಲ್ಲಿರಲಿ ಎಂದು ಮೇಲಿನವರು ತಲೆ ಚಚ್ಚಿಕೊಂಡಿದ್ದಾರೆ. ಈಕೆ ಜಪ್ಪಯ್ಯ ಅಂದರೂ ಬಗ್ಗುವವರಲ್ಲ. ಯಾರಾದರೂ ಕಳೆದುಕೊಂಡರೆ ಗರಗಸ ಹಿಡಿದು ಬೀಗ ಕೊಯ್ಯುವವರೂ ಇವರೇ.

"ಇನ್ನೊಂದು ಕೀ ನನ್ನ ಹತ್ರ ಇದ್ರೆ ಅದು ಅವರ ಪೆಟ್ಟಿಗೆ ಹೇಗಾಗತ್ತೆ, ಹೇಳಿ?"

ಈ ಮಾತು ತೆಗೆದರೆ ಸಾಕು, ಅವರ ಮನಸ್ಸು ಹಿಂದಕ್ಕೆ ಓಡುತ್ತದೆ. ಅಮ್ಮನ ಸೊಂಟದಲ್ಲಿ ಬೀಗದ ಕೈ ಗೊಂಚಲಿತ್ತು. ಅದರ ಝಣಝಣ ಕೇಳಿದರೆ ಮಕ್ಕಳು ಕದ್ದ ಸಕ್ಕರೆಯನ್ನು ಬಾಯಿಗೆ ತುರುಕಿಕೊಂಡು ಓಟ ಕೀಳುತ್ತಿದ್ದರು. ಎಂಥ ಸುಖದ ಹೆದರಿಕೆ ಅದು! ಮುಂದೆ ಗಂಡ ತೀರಿಕೊಂಡರು. ಮನೆ ಬಾಡಿಗೆ ಕಟ್ಟುವುದು ನಿಂತಿತು. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಬಾಗಿಲಿಗೆ ಬೇರೆ ಬೀಗ. ಒಂದು ವರ್ಷ ಬಸ್ ನಿಲ್ದಾಣದ ಬೆಂಚೇ ಗತಿಯಾಯಿತು. ಆ ಮನೆಯ ಹಳೆಯ ಕೀ ಇವತ್ತಿಗೂ ಕೊರಳ ದಾರದಲ್ಲಿದೆ.

"ಯಾವ ಬಾಗಿಲಿಗೂ ಆಗಲ್ಲ. ಆದ್ರೂ ಕೈಲಿ ಹಿಡಿದ್ರೆ ಆ ಅಡುಗೆಮನೆ ಬಿಸಿಲು ನೆನಪಾಗತ್ತೆ."

ಈಚೆಗೆ ಅವರ ನಿದ್ದೆ ಕೆಡಿಸಿದ್ದವರು ಮೂಲೆ ಮಂಚದ ಅಜ್ಜಿ. ಬಟ್ಟೆ ಹೊಲಿದು ಬದುಕಿದವರು, ಈಗ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆದರೆ ಮತ್ತೆ ಸೂಜಿ ಹಿಡಿಯಬಹುದು, ತಡವಾದರೆ ಇರುವ ದೃಷ್ಟಿಯೂ ಹೋದೀತು ಎಂದಿದ್ದರು ಡಾಕ್ಟರು. ಆದರೆ ಅಜ್ಜಿ ತಮ್ಮ ಬಟ್ಟೆಗಂಟು ಬಿಟ್ಟು ಏಳುವವರೇ ಅಲ್ಲ. ಸ್ನಾನಕ್ಕೂ ಗಂಟು, ಊಟಕ್ಕೂ ಗಂಟು. ಅದನ್ನು ಆಪರೇಷನ್ ಕೋಣೆಯೊಳಗೆ ಬಿಡುವುದುಂಟೇ? ಎರಡು ಸಲ ಬಾಗಿಲಿಂದಲೇ ವಾಪಸು ಬಂದರು.

ಮೂರನೆಯ ಸಲ ಬೀಗದಕ್ಕ ಬುದ್ಧಿ ಹೇಳಲು ಹೋಗಲಿಲ್ಲ. ಹೊರಡುವ ಮುಂಚೆ ಮಂಚದ ಪಕ್ಕ ನೆಲಕ್ಕೆ ಕೂತು, ಕೊರಳ ಕೀ ಬಿಚ್ಚಿ ಅಜ್ಜಿಯ ಕೈಗಿಟ್ಟು, ತಮ್ಮ ಮನೆಯ ಕತೆ ಹೇಳಿದರು. ಅದನ್ನು ಸವರುತ್ತ ಅಜ್ಜಿ ತಮ್ಮದನ್ನೂ ಹೇಳಿದರು. ಹೊಲಿಗೆ ಮಿಷನ್ ಪಕ್ಕದ ಕಿಟಕಿ, ಹೊರಗೆ ಹೊರಟಾಗ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುತ್ತಿದ್ದ ಅಭ್ಯಾಸ. ಹೇಳುತ್ತ ಹೇಳುತ್ತ ಗಂಟನ್ನು ಪೆಟ್ಟಿಗೆಗೆ ಇಳಿಸಿದರು. ಬೀಗ ಹಾಕಿ ಎರಡು ಸಲ ಜಗ್ಗಿದರು. ಬೀಗದಕ್ಕನ ಕೀ ಮರಳಿಸಿ, ಪೆಟ್ಟಿಗೆಯ ಎರಡೂ ಕೀಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದರು.

ಆಪರೇಷನ್ ಆಯಿತು. ರಾತ್ರಿ ಇಲ್ಲೇ ಇರಿ ಎಂದು ನರ್ಸ್ ಹೇಳಿದಾಗ ಪಟ್ಟಿ ಕಟ್ಟಿದ ಕಣ್ಣಿನ ಅಜ್ಜಿ, "ಇಲ್ಲಮ್ಮ, ಮನೆಗೆ ಬೀಗ ಹಾಕ್ಕೊಂಡು ಬಂದಿದೀನಿ. ಬೇಗ ಹೋಗ್ಬೇಕು" ಎಂದರಂತೆ.

ಅದನ್ನು ಹೇಳುವಾಗ ಬೀಗದಕ್ಕ ಎಣ್ಣೆ ಡಬ್ಬಿ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ.

"ಕೇಳಿದ್ರಾ? ಮನೆ ಅಂದ್ರು. ಪೆಟ್ಟಿಗೆ ಅನ್ಲಿಲ್ಲ."