ಮೇಲಿನ ಫರ್ನಾಂಡಿಸರು

ಇಂಗ್ರೇಜರ ಕಾಲದಲ್ಲಿ ಹಳಿಯಾಳದ ನಮ್ಮ ಇಗರ್ಜಿಯೊಳಗೆ, ಅಂದರೆ ಚರ್ಚಿನಲ್ಲಿ, 'ಫರ್ನಾಂಡಿಸ್' ಎಂದು ಕರೆದರೆ ಅರ್ಧ ಮಂದಿ ತಿರುಗಿ ನೋಡುತ್ತಿದ್ದರು. ಬಡಗಿ ಫರ್ನಾಂಡಿಸ್, ಪಾವ್ ರೊಟ್ಟಿ ಸುಡುವ ಫರ್ನಾಂಡಿಸ್, ಬ್ಯಾಂಡಿನ ಫರ್ನಾಂಡಿಸ್. ಹಿಂದೆ ಗೋವೆಯಲ್ಲಿ ನಮ್ಮ ಹಿರಿಯರಿಗೆ ಜ್ಞಾನಸ್ನಾನ ಮಾಡಿಸಿದ ಪಾದ್ರಿ ತನ್ನ ಅಡ್ಡಹೆಸರನ್ನೇ ಊರಿಗೆಲ್ಲ ಹಂಚಿದ್ದ. ರಕ್ತ ಹಂಚಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಒಬ್ಬಾಕೆಯನ್ನು ಬಿಟ್ಟು.

ಆಕೆಯ ಗಂಡ ಸೂಪಾ ಕಡೆ ಕಟ್ಟಿಗೆಯ ಗುತ್ತಿಗೆದಾರ. ಆಕೆಯ ಪ್ರಕಾರ ಅವರು ಪೋರ್ತುಗೀಜ ಸರದಾರನ ವಂಶದ ಫರ್ನಾಂಡಿಸರು, ನಾವು ಬರೀ ಫರ್ನಾಂಡಿಸರು. ಸರದಾರನ ಮನೆಯವಳು ಸಂತೆಯಲ್ಲಿ ಒಣಮೀನು ಮೂಸಿ ನೋಡುವಾಗ ಮಾತ್ರ ನಮ್ಮ ಕೊಂಕಣಿಯಲ್ಲೇ ಜಗಳಾಡುತ್ತಿದ್ದಳು.

ನನ್ನ ತಂಗಿಗೆ ಆಕೆಯ ಮೈದುನನೊಂದಿಗೇ ಮದುವೆ ಗೊತ್ತಾಯಿತು. ಹುಡುಗ ಸಂಭಾವಿತ, ದೇವರು ಆ ಮನೆಯ ಮೇಲೂ ಅಷ್ಟು ಕರುಣೆ ಇಟ್ಟಿದ್ದ. ಕೆಳಗಿನವರ ಹೆಣ್ಣು ಬೇಡವೆಂದು ಆಕೆ ಕೂಗಾಡಿದಳು, ಅವ ಕೇಳಲಿಲ್ಲ. ಮದುವೆಯ ಸುದ್ದಿಯನ್ನು ಮೂರು ರವಿವಾರ ಪೂಜೆಯಲ್ಲಿ ಸಾರುವುದು ನಮ್ಮ ಪದ್ಧತಿ; ಅಡ್ಡಿ ಗೊತ್ತಿದ್ದವರು ಅಷ್ಟರೊಳಗೆ ಹೇಳಬೇಕು. ಸಾರಿದ ಮೇಲೆ ಮುರಿದರೆ ಆ ಹುಡುಗಿಯನ್ನು ಮತ್ತೆ ಯಾರೂ ಕೇಳಿಕೊಂಡು ಬರುವುದಿಲ್ಲ.

ಎರಡು ಸಲ ಸಾರಿ ಆಗಿತ್ತು. ಆಕೆಯ ನೆರೆಮನೆಯ ಗೌಡರ ಸೊಸೆ, ಒಂದೇ ಅಡ್ಡಹೆಸರಿನೊಳಗೆ ಹೆಣ್ಣು ತರುತ್ತೀರೇನು ಎಂದು ಬೆರಗಾಗಿದ್ದಳಂತೆ. ಅಲ್ಲಿಂದಲೇ ಗುತ್ತಿಗೆದಾರನ ಹೆಂಡತಿಗೆ ಬುದ್ಧಿ ಹೊಳೆದಿರಬೇಕು. ಶನಿವಾರ ಪಾದ್ರಿಯ ಬಳಿ ಓಡಿ, ಎರಡೂ ಮನೆಯದು ಒಂದೇ ರಕ್ತ, ದಾಯಾದಿಗಳು, ಈ ಮದುವೆ ಧರ್ಮಕ್ಕೆ ವಿರುದ್ಧ ಎಂದಳು. ಪಾದ್ರಿ ನಮ್ಮನ್ನೂ ಕರೆಸಿದರು.

"ಹಂಗಾದ್ರ ಶಿಲುಬಿ ಮುಟ್ಟಿ ಹೇಳ್ರಿ ಬಾಯಿ, ಇವರು ನಿಮ್ಮವರು ಅಂತ," ಎಂದರು. "ನಾಳೆ ಪೂಜಿಯೊಳಗ ಎಲ್ಲಾರ ಮುಂದ ನಾನೂ ಅದನ್ನ ಹೇಳತೇನಿ."

ತಂಗಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ನಮ್ಮ ಅವ್ವ ಮಾತ್ರ ತಣ್ಣಗೆ ಹೇಳಿದಳು: "ಚಲೋ ಆತು ಬಿಡವ್ವಾ. ಬ್ಯಾಂಡಿನ್ಯಾಗ ಡೋಲು ಬಡಿಯೂ ನನ್ನ ಮೈದುನ ಇನ್ನ ನಿನ್ನ ಗಂಡಗ ಕಾಕಾ ಆದ. ಹಬ್ಬಕ್ಕ ಊಟಕ್ಕ ಕರೀರಿ."

ಶಿಲುಬೆಯತ್ತ ಚಾಚಿದ್ದ ಕೈ ಹಿಂದೆ ಸರಿಯಿತು.

"ಇವರು ನಮ್ಮವರಲ್ಲ," ಎಂದಳು. "ನಮಗೂ ಇವರಿಗೂ ಯಾವ ಸಂಬಂಧಾನೂ ಇಲ್ಲ."

ಮರುದಿನ ಮೂರನೆಯ ಸಲ ಸಾರಿದರು. ಅಹಂಕಾರ ದೊಡ್ಡ ಪಾಪವೆಂದು ಕಲಿತವಳು ನಾನು. ಆದರೆ ಆಕೆಗೆ ಅದೊಂದು ಇರದಿದ್ದರೆ ನನ್ನ ತಂಗಿ ಮನೆಯಲ್ಲೇ ಉಳಿಯುತ್ತಿದ್ದಳು. ಪೂಜೆ ಮುಗಿದ ಮೇಲೆ ಆಕೆಯ ಹೆಸರಿನಲ್ಲೂ ದೇವಮಾತೆಯ ಮುಂದೆ ಒಂದು ಮೇಣದಬತ್ತಿ ಹಚ್ಚಿದೆ. ಸಣ್ಣದು.